ಅವರು ಹಸಿರೆಂದ ಮರ

ಮಕ್ಕಳೇ, ನಿಮ್ಮ ಅಜ್ಜನ ಹಳೆಯ ಆಲ್ಬಮ್ಮಿನಲ್ಲಿ ಬರೀ ಮರಗಳೇ ಯಾಕಿವೆ, ಒಬ್ಬ ಮನುಷ್ಯನೂ ಯಾಕಿಲ್ಲ ಎಂದು ಹೋದ ಸಲ ಬಂದಾಗ ಕೇಳಿದ್ದಿರಿ. ನಾನು ನಕ್ಕು ಸುಮ್ಮನಾದೆ. ಬಾಯಿಂದ ಹೇಳುವುದು ನನಗೆ ಚಿಕ್ಕಂದಿನಿಂದಲೂ ಕಷ್ಟ. ಬರೆದರೆ ಬಂದೀತು ಎಂದು ಬರೆಯುತ್ತಿದ್ದೇನೆ. ಓದುವಾಗ ತಡವರಿಸಿದರೆ ನಿಮ್ಮ ಅಪ್ಪನಿಂದ ಓದಿಸಿಕೊಳ್ಳಿ.

ನಾಗಪುರದಲ್ಲಿ ಎಲೆ ಉದುರುವುದು ಮಾಘ ಮಾಸದಲ್ಲಿ ಶುರುವಾಗುತ್ತದೆ. ಮೊದಲು ಬೀಳುವುದು ತೇಗದ ಎಲೆ. ಅದು ತೇಲಿಕೊಂಡು ಬೀಳುವುದಿಲ್ಲ. ಉಂಡೆದ್ದವರು ಪತ್ರಾವಳಿ ಎಸೆದ ಹಾಗೆ ಸದ್ದು ಮಾಡುತ್ತದೆ. ಬಾದಾಮಿ ಮರದ ಎಲೆಗಳು ಕೆಂಪಾಗಿ ಅಂಗಳದ ತುಂಬ ಬೋರಲು ಬಿದ್ದಿರುತ್ತವೆ. ಬೆಳಿಗ್ಗೆ ಕಸ ಗುಡಿಸುವವರು ರಸ್ತೆಯ ಬದಿಗೆ ಎಲೆ ಕೂಡಿಸಿ ಬೆಂಕಿ ಇಟ್ಟರೆ, ಆ ಹೊಗೆ ಮೇಲಕ್ಕೆ ಹೋಗದೆ ಮೊಣಕಾಲ ಮಟ್ಟದಲ್ಲಿ ನಿಂತಿರುತ್ತದೆ. ಮಂಜು ಯಾವುದು, ಹೊಗೆ ಯಾವುದು ತಿಳಿಯುವುದಿಲ್ಲ. ಅದರೊಳಗಿಂದ ಸೈಕಲ್ಲಿನ ಗಂಟೆ ಮಾತ್ರ ಕೇಳುತ್ತದೆ, ಸೈಕಲ್ಲು ಆಮೇಲೆ ಬರುತ್ತದೆ.

ನಾನು ಗದಗಿನ ಕಡೆಯ ಕರಿಮಣ್ಣಿನ ಹಳ್ಳಿಯವಳು. ನಮ್ಮಲ್ಲಿ ಹೊಲದ ಬದುವಿಗೆ ಒಂದು ಬೇವು, ಇನ್ನೊಂದು ಬದುವಿಗೆ ಒಂದು ಬನ್ನಿ. ಮರಗಳು ಗುಂಪಾಗಿ ಒಟ್ಟಿಗೆ ಬಣ್ಣ ತಿರುಗುವುದನ್ನು ನಾನು ನೋಡಿದ್ದು ಮದುವೆಯಾಗಿ ನಾಗಪುರಕ್ಕೆ ಬಂದ ಮೇಲೆ. ಆಗ ನನಗೆ ಹದಿನೆಂಟು. ಐದನೆಯ ಇಯತ್ತೆಯವರೆಗೆ ಊರ ಶಾಲೆಯಲ್ಲಿ ಕಲಿತಿದ್ದೆ. ಮರಾಠಿಯೂ ಬಾರದು, ಹಿಂದಿಯೂ ಬಾರದು. ರೈಲ್ವೆ ಕ್ವಾರ್ಟರ್ಸಿನ ಎರಡು ಕೋಣೆಯ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದು ಮಾತೂ ಆಡದೆ ಇರುತ್ತಿದ್ದೆ. ಅದು ನನಗೆ ದುಃಖವೆನಿಸಿದ್ದಿಲ್ಲ. ಹೊಂಡದ ನೀರಿನಲ್ಲಿ ಮುಳುಗಿ ಕಣ್ಣು ತೆರೆದರೆ ಹೇಗೆ ಕಾಣುತ್ತದೋ ಹಾಗೆ, ಎಲ್ಲವೂ ದೂರದಲ್ಲಿ ಮೆಲ್ಲಗೆ ಅಲ್ಲಾಡುತ್ತಿತ್ತು.

ನಿಮ್ಮ ಅಜ್ಜ ಆಗ ಯಾರ್ಡಿನಲ್ಲಿ ಗುಮಾಸ್ತರು. ಗೂಡ್ಸ್ ಗಾಡಿ ಬಂದು ನಿಂತಿತೆಂದರೆ ಅದರ ಉದ್ದಕ್ಕೂ ನಡೆದು ಒಂದೊಂದು ಡಬ್ಬಿಯ ನಂಬರನ್ನು ಬರೆದುಕೊಳ್ಳುವ ಕೆಲಸ. ಊರು ಬಿಟ್ಟು ಹೊರಟಿದ್ದ ಒಬ್ಬ ಆಂಗ್ಲೋ ಇಂಡಿಯನ್ ಡ್ರೈವರು ತನ್ನ ಹಳೆಯ ಡಬ್ಬಿ ಕ್ಯಾಮೆರಾವನ್ನು ಅವರಿಗೆ ಕೊಟ್ಟು ಹೋಗಿದ್ದ. ಅದನ್ನು ಹೊಟ್ಟೆಗೆ ಆನಿಸಿ ಹಿಡಿದು, ಮೇಲಿನ ಸಣ್ಣ ಗಾಜಿನೊಳಗೆ ಬಗ್ಗಿ ನೋಡಬೇಕು. ಒಂದು ಸುರುಳಿಗೆ ಎಂಟೇ ಚಿತ್ರ. ಮೊದಲ ಸುರುಳಿಯಲ್ಲಿ ನನ್ನನ್ನು ತೆಗೆಯಲು ನೋಡಿದರು. ನಾನು ಎಂಟು ಸಲವೂ ಸೆರಗು ಎಳೆದುಕೊಂಡು ಗೋಡೆಯ ಕಡೆ ತಿರುಗಿದೆ.

"ನಿನಗಿಂತ ಆ ಬೇವಿನ ಗಿಡಾನ ವಾಸಿ," ಎಂದರು. "ಕ್ಯಾಮೆರಾ ಕಂಡ ಕೂಡಲೆ ಬೆನ್ನು ತಿರುಗಸಂಗಿಲ್ಲ."

"ಹಂಗಾರ ಅದನ್ನ ತಗೀರಿ," ಎಂದೆ ನಾನು, ಗೋಡೆಗೇ.

ಹಾಗೆ ಮರ ಶುರುವಾಯಿತು.

ಇನ್ನೊಂದು ಕಾರಣವೂ ಇತ್ತೆಂದು ಅವರು ಆಮೇಲೆ ಹೇಳಿದರು. ಅವರ ಆಫೀಸಿನ ಗೋಡೆಗೆ ಯಾವುದೋ ಹೊರದೇಶದ ಕ್ಯಾಲೆಂಡರ್ ಇತ್ತಂತೆ. ಎಲೆ ಉದುರುವ ಕಾಲದ ಕಾಡಿನ ಚಿತ್ರ. ಬಂದವರೆಲ್ಲ ಅದರ ಮುಂದೆ ನಿಂತು "ಕ್ಯಾ ರಂಗ್ ಹೈ!" ಎಂದು ಹೊಗಳುವವರೇ. ಅಂಥದು ನಮ್ಮ ಊರಿನಲ್ಲಿ ಸಿಗುವುದಿಲ್ಲವೇ, ಒಂದು ಆಲ್ಬಮ್ ಮಾಡೋಣ ಎಂದು ಅವರ ಮನಸ್ಸಿಗೆ ಬಂತು. ಆದರೆ ಆಗಿನ ಫಿಲಂ ಕಪ್ಪು ಬಿಳುಪಿನದು. ಸದರ್ ಪೇಟೆಯ ಸ್ಟುಡಿಯೋದಲ್ಲಿ ತೊಳೆಸಿ ತಂದ ಚಿತ್ರಗಳಲ್ಲಿ ಕೆಂಪು ಬಾದಾಮಿಯೂ ಹಳದಿ ತೇಗವೂ ಒಂದೇ ಬೂದಿ ಬಣ್ಣಕ್ಕೆ ಬಂದಿದ್ದವು.

ಆ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಒಬ್ಬ ಮುದುಕಿ ಕೂತಿರುತ್ತಿದ್ದರು. ಕ್ರಿಶ್ಚಿಯನ್ನರು, ಫ್ರಾಕು ಹಾಕುತ್ತಿದ್ದರು. ಎಲ್ಲರಿಗೂ ಅವರು ಮೌಶಿ, ಎಂದರೆ ಚಿಕ್ಕಮ್ಮ. ಕಪ್ಪು ಬಿಳುಪಿನ ಚಿತ್ರಗಳಿಗೆ ಕೈಯಿಂದ ಬಣ್ಣ ತುಂಬುವುದು ಅವರ ಕೆಲಸ. ಮದುವೆಯ ಹೆಣ್ಣಿನ ಗಲ್ಲ, ಸೀರೆಯ ಅಂಚು, ಮುದುಕರ ರುಮಾಲು, ಎಲ್ಲ ಅವರ ಕೈಯಲ್ಲೇ ಬಣ್ಣ ಪಡೆಯುತ್ತಿದ್ದವು. ನಿಮ್ಮ ಅಜ್ಜನ ಜೊತೆ ಹೋದಾಗ ನಾನು ಬಾಗಿಲ ಸಂದಿಯಿಂದ ನೋಡುತ್ತಾ ನಿಂತದ್ದನ್ನು ಕಂಡು "ಆ ಬೇಟಿ, ಬೈಠ್" ಎಂದು ಪಕ್ಕದ ಸ್ಟೂಲು ತೋರಿಸಿದರು. ಅವರ ಮಾತು ನನಗೆ ತಿಳಿಯದು, ನನ್ನದು ಅವರಿಗೆ ತಿಳಿಯದು. ಕೈ ಹಿಡಿದೇ ಕಲಿಸಿದರು. ಕಡ್ಡಿಯ ತುದಿಗೆ ಹತ್ತಿ ಸುತ್ತುವುದು, ಟ್ಯೂಬಿನಿಂದ ಸಾಸಿವೆ ಕಾಳಷ್ಟು ಬಣ್ಣ ಹಿಂಡುವುದು, ಚಿತ್ರದ ಮೇಲೆ ಸುತ್ತಿ ಸುತ್ತಿ ತಿಕ್ಕುವುದು, ಹೆಚ್ಚಾದದ್ದನ್ನು ಒಣಗುವ ಮೊದಲೇ ಒರೆಸಿಬಿಡುವುದು. ನಾನು ಹೆಚ್ಚು ಹಚ್ಚಿದರೆ "ಥೋಡಾ, ಬೇಟಿ, ಥೋಡಾ" ಎನ್ನುತ್ತಿದ್ದರು. ಥೋಡಾ ಎಂದರೆ ಸ್ವಲ್ಪ. ನಾಗಪುರದಲ್ಲಿ ನಾನು ಕಲಿತ ಮೊದಲ ಮಾತು ಅದು.

ಅವರದೊಂದು ನಿಯಮವಿತ್ತು. ಪ್ರತಿ ಚಿತ್ರದ ಹಿಂದೆ ಗಿರಾಕಿ ಹೇಳಿದ್ದನ್ನು ಬರೆದ ಒಂದು ಚೀಟಿ ಅಂಟಿಸಿರುತ್ತಿತ್ತು: ಸೀರೆ ಇಂಥ ಬಣ್ಣ, ಅಂಚು ಇಂಥ ಬಣ್ಣ, ಕೋಟು ಇಂಥದು. ಬಣ್ಣ ಹಚ್ಚುವವರು ಆ ಮನುಷ್ಯರನ್ನು ಕಂಡಿರುವುದೇ ಇಲ್ಲ. ಚೀಟಿಯಲ್ಲಿ ಇದ್ದದ್ದೇ ಬಣ್ಣ. ಅದರ ಮೇಲೆ ನಮ್ಮ ಬುದ್ಧಿ ಓಡಿಸಬಾರದು.

ಮನೆಯಲ್ಲೂ ನಾವು ಹಾಗೆಯೇ ಮಾಡಿದೆವು. ರಜೆಯ ದಿನ ನಿಮ್ಮ ಅಜ್ಜ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಸದರ್ ದಾಟಿ ಸೆಮಿನರಿ ಗುಡ್ಡಕ್ಕೆ, ಒಮ್ಮೊಮ್ಮೆ ಊರ ಹೊರಗಿನ ವಾಡಿಯ ರಸ್ತೆಯಲ್ಲಿ ಮುತ್ತಲ ಗಿಡಗಳಿದ್ದ ಬಯಲಿಗೆ. ಅವರು ಕ್ಯಾಮೆರಾದೊಳಗೆ ಬಗ್ಗುವರು. ಆಮೇಲೆ ಒಂದು ತುಂಡು ಕಾಗದ, ಒಂದು ಮೋಟು ಪೆನ್ಸಿಲು ನನ್ನ ಕೈಗೆ ಕೊಟ್ಟು, "ಹೂಂ, ಬರಿ. ಇದು ಏನು ಬಣ್ಣ?" ಎನ್ನುವರು.

"ನೀವ ನೋಡಾಕತ್ತೀರಲ್ರಿ."

"ನಿನಗ ಚಲೋ ಗೊತ್ತಾಗ್ತದ. ಬರಿ."

ನಾನು ಬರೆಯುತ್ತಿದ್ದೆ: ತುದಿಯ ಎಲೆ ಹಳೆಯ ತಾಮ್ರ, ಒಳಗಿನವು ಬೆಲ್ಲ, ಕೆಳಗೆ ಬಿದ್ದವು ಕಾಚು. ಅವರು ಓದಿ ನನ್ನ ಮುಖ ನೋಡುವರು. ಮಾತಾಡದವಳ ಬಾಯಿ ಬಿಡಿಸಲು ಮಾಡಿದ ಉಪಾಯ ಇದು ಎಂದು ನಾನು ತಿಳಿದಿದ್ದೆ. ಎಷ್ಟು ಸೂಕ್ಷ್ಮದ ಮನುಷ್ಯ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಮಧ್ಯಾಹ್ನ ಕಿಟಕಿಯ ಕೆಳಗೆ ಚಾಪೆ ಹಾಸಿ ಬಣ್ಣ ಹಚ್ಚುವಾಗ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಬೂದಿಯೊಳಗಿಂದ ಮರ ಮೆಲ್ಲಗೆ ಎಚ್ಚರಾಗುತ್ತಿತ್ತು. ಮೊದಲು ಬಿಸಿಲು ಬಿದ್ದ ಕಡೆ, ಆಮೇಲೆ ನೆರಳಿನ ಕಡೆ. ಹತ್ತಿ ಸುತ್ತಿದ ಕಡ್ಡಿ ಕೈಯಲ್ಲೇ ಇರುವಾಗ ಎಷ್ಟೋ ಸಲ ತೂಕಡಿಸಿದ್ದೇನೆ. ನಿದ್ದೆಯಲ್ಲಿ ಎಲೆಗಳು ಉದುರುತ್ತಿದ್ದವು, ಎದ್ದರೆ ಹೊರಗೂ ಉದುರುತ್ತಿದ್ದವು.

ಮದುವೆಯಾದ ಎರಡನೆಯ ವರ್ಷ, ಫಾಲ್ಗುಣದಲ್ಲಿ, ನಿಮ್ಮ ಅಜ್ಜನ ಹೆಸರು ಗಾರ್ಡ್ ಕೆಲಸದ ಪಟ್ಟಿಯಲ್ಲಿ ಬಂತು. ಆ ದಿನಗಳಲ್ಲಿ ಗಾರ್ಡ್ ಎಂದರೆ ಏನೆಂದು ನಿಮಗೆ ಹೇಗೆ ಹೇಳಲಿ! ಬಿಳಿಯ ಕೋಟು, ಸೀಟಿ, ಕೆಂಪು ಹಸಿರು ನಿಶಾನೆ. ಗಾಡಿ ಗಾರ್ಡ್ ಕೈ ಎತ್ತಿದ ಮೇಲೇ ಹೊರಡುವುದು. ಡಬ್ಬಿಯ ನಂಬರು ಬರೆಯುತ್ತ ಇಂಜಿನ್ನಿನ ಮಸಿಯಲ್ಲಿ ನಡೆದವರಿಗೆ ಅದು ದೊಡ್ಡ ಮೆಟ್ಟಿಲು. ಅವರು ಚಿಕ್ಕ ಹುಡುಗನಾಗಿದ್ದಾಗಿನಿಂದ ಬಯಸಿದ್ದು ಅದೊಂದನ್ನೇ. ಹೊಲದಲ್ಲಿ ನಿಂತು ಹೋಗುವ ರೈಲಿನ ಕೊನೆಯ ಡಬ್ಬಿಗೆ ಕೈ ಬೀಸುತ್ತಿದ್ದರಂತೆ. ಇಂಜಿನ್ನಿಗಲ್ಲ, ಗಾರ್ಡ್ ನಿಂತಿರುವ ಆ ಕೊನೆಯ ಡಬ್ಬಿಗೆ.

ಉಳಿದದ್ದು ಕಣ್ಣಿನ ಪರೀಕ್ಷೆ ಒಂದೇ. ಅದಕ್ಕೆ ತಿಂಗಳಿತ್ತು.

ಆ ವಾರವೇ ಒಂದು ಸಂಜೆ ಡ್ಯೂಟಿ ಮುಗಿಸಿ ಅವರು ಒಬ್ಬರೇ ಗುಡ್ಡಕ್ಕೆ ಹೋಗಿ ಬಂದರು. ಬಹಳ ಹುರುಪಿನಲ್ಲಿದ್ದರು. "ಒಂದು ಗಿಡ ಸಿಕ್ಕದ," ಎಂದರು. "ಸುತ್ತ ಎಲ್ಲಾ ಬೋಳು. ಅದೊಂದ ಮೈತುಂಬ ಎಲಿ ಹೊತ್ತು ನಿಂತದ, ಹಚ್ಚಗ ಹಸಿರು. ಎಲ್ಲಾ ಉದುರಿದ ಮ್ಯಾಲೆ ಉಳಿದದ್ದು! ಆಲ್ಬಮ್ಮಿನ ಕಡೀ ಹಾಳಿಗೆ ಅದ." ಚಿತ್ರ ತೊಳೆದು ಬಂದಾಗ ಹಿಂದೆ ಅವರದೇ ಅಕ್ಷರದ ಚೀಟಿ ಇತ್ತು: ಎಲೆ, ಹಸಿರು.

ನಾನು ಆ ಮರವನ್ನು ಕಂಡಿರಲಿಲ್ಲ. ಚೀಟಿಯಂತೆ ಹಸಿರು ಹಚ್ಚಿದೆ. ನಾಲ್ಕು ಬಗೆಯ ಹಸಿರು ಬೆರೆಸಿ, ನಮ್ಮೂರ ಹೊಲದ ಬೇವನ್ನು ನೆನೆಸಿಕೊಂಡು ಹಚ್ಚಿದೆ. ಚಂದವಾಗಿಯೇ ಬಂತು. ಅವರು ಅದನ್ನು ಬೆಳಕಿಗೆ ಹಿಡಿದು, "ಬರೋಬರ್. ಹಿಂಗ ಇತ್ತು," ಎಂದರು.

ಮುಂದಿನ ರಜೆಗೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ಗುಡ್ಡದ ಹಿಂಬದಿ, ಒಣ ಹುಲ್ಲಿನ ಇಳಿಜಾರು. ನಾವು ಸೈಕಲ್ಲನ್ನು ಕಲ್ಲಿಗೆ ಆನಿಸಿ ಮೇಲೆ ಹತ್ತಿದೆವು. ಕಾಲ ಕೆಳಗೆ ತೇಗದ ಎಲೆ ಪುಡಿಯಾಗುತ್ತಿತ್ತು. ತಿರುವು ಬಂತು. ಅವರು ಮುಂದೆ ಹೋಗಿ ಕೈ ಚಾಚಿ, "ನೋಡು, ನೋಡು ಹೆಂಗ ಹಸಿರದ!" ಎಂದರು.

ನಾನು ನೋಡಿದೆ. ಆ ಮರ ಕೆಂಪಾಗಿತ್ತು.

ಸ್ವಲ್ಪ ಕೆಂಪಲ್ಲ. ತುದಿಯಿಂದ ಬುಡದವರೆಗೆ, ಒಂದು ಎಲೆಯೂ ಬಿಡದೆ, ಬೆಳಕು ಹಿಂದಿನಿಂದ ಬಂದು ಒಳಗೇ ದೀಪ ಹಚ್ಚಿಟ್ಟ ಹಾಗೆ ಕೆಂಪು. ಬೂದುಬಣ್ಣದ ಗುಡ್ಡದಲ್ಲಿ ಅದೊಂದೇ. ಗಾಳಿ ಇರಲಿಲ್ಲ. ಆದರೂ ಅದು ಅಲುಗುತ್ತಿದೆ ಎನಿಸುತ್ತಿತ್ತು. ಇಂಥ ಮರವೂ ಭೂಮಿಯ ಮೇಲೆ ಇದೆಯೇ ಎಂದು ನಾನು ಎಷ್ಟು ಹೊತ್ತು ನಿಂತೆನೋ. ಅದರ ಕೆಳಗೆ ನಿಮ್ಮ ಅಜ್ಜ ನಗುತ್ತ ನಿಂತಿದ್ದರು. ಅವರ ಬಿಳಿ ಅಂಗಿಯ ಮೇಲೆಲ್ಲ ಆ ಕೆಂಪಿನ ನೆರಳು ಬಿದ್ದಿತ್ತು.

"ಏನಂತಿ?" ಎಂದರು.

"ಚಂದದರಿ," ಎಂದೆ.

ವಾರದಲ್ಲಿ ಮರವೇ ಬಣ್ಣ ಬದಲಿಸಿರಬಹುದು ಎಂದುಕೊಂಡೆ. ಮರುದಿನ ಪಕ್ಕದ ಮನೆಯಾಕೆಯನ್ನು ಕೇಳಿದೆ. ನಾನು ಅವರನ್ನು ವಹಿನಿ, ಎಂದರೆ ಅತ್ತಿಗೆ, ಎನ್ನುತ್ತಿದ್ದೆ. ಅವರು ಸೊಲ್ಲಾಪುರದವರು, ಅವರ ಗಂಡ ಹಳೆಯ ಗಾರ್ಡು. ಅರ್ಧ ಮರಾಠಿ ಬೆರೆತ ಅವರ ಕನ್ನಡವೇ ಆ ಕಾಲೊನಿಯಲ್ಲಿ ನನಗೆ ತಿಳಿಯುತ್ತಿದ್ದ ಮಾತು.

"ಅಗ ಬಾಯಿ, ಅದು ಕುಸುಂಬ!" ಎಂದರು. "ಅದರದು ಹೊಸಾ ಎಲಿ ಲಾಲ್ ಬರ್ತಾವ. ಚೈತ್ರ ಮುಗಿಯೂ ತನಕ ಹಸಿರು ಆಗಂಗೇ ಇಲ್ಲ. ಯಾಕ ಕೇಳಿದಿ?"

"ಸುಮ್ನರಿ," ಎಂದೆ.

ಮನೆಗೆ ಬಂದು ಕೂತೆ. ಒಂದೊಂದಾಗಿ ನೆನಪಾಗತೊಡಗಿತು. ಯುಗಾದಿಗೆ ಹಸಿರು ಸೀರೆ ತಂದಿದ್ದೇನೆ ಎಂದು ಇಟ್ಟಿಗೆ ಬಣ್ಣದ ಸೀರೆ ಬಿಚ್ಚಿ ತೋರಿಸಿದ್ದರು. ಚೇಷ್ಟೆ ಎಂದು ನಾನು ನಕ್ಕಿದ್ದೆ, ಅವರೂ ನಕ್ಕಿದ್ದರು. ಸಂತೆಯಿಂದ ತರುವ ಟೊಮೆಟೊದಲ್ಲಿ ಯಾವಾಗಲೂ ಅರ್ಧ ಕಾಯಿ. ಮುತ್ತಲದ ಬಯಲಿಗೆ ಮೊದಲ ಸಲ ಹೋದಾಗ ಹೂವು ಎಲ್ಲಿ ಎಂದು ಹೂವಿನ ಕೆಳಗೇ ನಿಂತು ಕೇಳಿದ್ದರು. ಮತ್ತೆ ಆ ಚೀಟಿಗಳು. "ನಿನಗ ಚಲೋ ಗೊತ್ತಾಗ್ತದ, ಬರಿ." ಅದು ನನ್ನ ಬಾಯಿ ಬಿಡಿಸುವ ಉಪಾಯವಾಗಿರಲಿಲ್ಲ.

ಕಣ್ಣಿನ ಪರೀಕ್ಷೆಯಲ್ಲಿ ಏನು ಮಾಡುತ್ತಾರೆಂದು ವಹಿನಿಯೇ ಹಿಂದೆ ಹೇಳಿದ್ದರು. ಬಣ್ಣ ಬಣ್ಣದ ಉಣ್ಣೆಯ ಎಳೆಗಳನ್ನು ಮೇಜಿನ ಮೇಲೆ ಸುರಿದು, ಕೆಂಪನ್ನೆಲ್ಲ ಆರಿಸು, ಹಸಿರನ್ನೆಲ್ಲ ಆರಿಸು ಎನ್ನುತ್ತಾರೆ. ಆಮೇಲೆ ಕತ್ತಲೆ ಕೋಣೆಯಲ್ಲಿ ದೀಪ ತೋರಿಸುತ್ತಾರೆ.

ಗಂಡನಿಗೆ ಎದುರು ಮಾತಾಡಿ ನನಗೆ ಗೊತ್ತಿರಲಿಲ್ಲ. ನಿಮಗೆ ಕಾಣುವುದು ಸುಳ್ಳು ಎಂದು ಹೇಗೆ ಹೇಳುವುದು? ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಸದರಿಗೆ ಒಬ್ಬಳೇ ನಡೆದು ಹೋಗಿ, ಮೌಶಿಯ ಮುಂದೆ ಆ ಚಿತ್ರವಿಟ್ಟು ಬೆರಳಿನಿಂದ "ಇನ್ನೊಂದು" ಎಂದು ತೋರಿಸಿದೆ. ಅವರು ಇನ್ನೊಂದು ಪ್ರತಿ ತೆಗೆಸಿಕೊಟ್ಟರು. ಅದಕ್ಕೆ ನಾನು ಕಂಡ ಬಣ್ಣ ಹಚ್ಚಿದೆ. ಆ ಕೆಂಪನ್ನು ತರಲು ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಹಚ್ಚಿದೆ, ಒರೆಸಿದೆ, ಮತ್ತೆ ಹಚ್ಚಿದೆ.

ಸಂಜೆ ನಿಮ್ಮ ಅಜ್ಜ ಚಹಾ ಕುಡಿಯುವಾಗ ಎರಡನ್ನೂ ಅವರ ಮುಂದೆ ನೆಲದ ಮೇಲೆ ಇಟ್ಟೆ. ಎಡಕ್ಕೆ ಹಸಿರು ಮರ, ಬಲಕ್ಕೆ ಕೆಂಪು ಮರ.

ಅವರು ಇದನ್ನು ನೋಡಿದರು, ಅದನ್ನು ನೋಡಿದರು. "ಎರಡೂ ಒಂದ ಅದಾವಲ್ಲ," ಎಂದರು. "ಯಾಕ ಎರಡು ಮಾಡಿದಿ?"

ಸೆರಗು ಬಾಯಿಗೆ ಹಿಡಿದು ನಿಂತಿದ್ದೆ. ಅವರು ತಲೆ ಎತ್ತಿ ನನ್ನ ಮುಖ ನೋಡಿ, ಚಹಾದ ಬಟ್ಟಲನ್ನು ಕೆಳಗಿಟ್ಟರು. ಮತ್ತೆ ಚಿತ್ರಗಳನ್ನು ಕೈಗೆತ್ತಿಕೊಂಡು ಕಿಟಕಿಯ ಹತ್ತಿರ ಹೋದರು, ಓರೆ ಮಾಡಿ ನೋಡಿದರು, ಮೂಗಿನ ಹತ್ತಿರ ಹಿಡಿದು ನೋಡಿದರು.

"ಒಂದು ಬ್ಯಾರೆ ಐತಿ," ಎಂದರು ಕೊನೆಗೆ.

"ಹೌದ್ರಿ."

"ಯಾವುದು?"

"ಬಲಗೈಯಾಗಿಂದು. ಕೆಂಪೈತಿ. ಗಿಡಾನೂ ಕೆಂಪ ಐತ್ರಿ."

ಅವರು ಎರಡೂ ಚಿತ್ರಗಳನ್ನು ಕಿಟಕಿಯ ಕಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟರು. ಆಮೇಲೆ ಒಂದೊಂದೇ ಹೇಳಿದರು. ಶಾಲೆಯಲ್ಲಿ ಮಾಸ್ತರರು ಕೆಂಪು ಖಡು ತಾ ಎಂದರೆ ಹಸಿರು ಸೀಮೆಸುಣ್ಣ ಕೊಟ್ಟು ಏಟು ತಿಂದದ್ದು. ಗಮನವಿಲ್ಲದ ಹುಡುಗ ಎಂದು ಅವರಪ್ಪನೂ ಬೈದದ್ದು. ತಾನು ದಡ್ಡ, ಬಣ್ಣದ ಹೆಸರು ನೆನಪಿಡಲು ಬಾರದವನು ಎಂದು ಅವರೂ ನಂಬಿದ್ದು. ಗುಮಾಸ್ತರ ಕೆಲಸಕ್ಕೆ ಸೇರುವಾಗ ಕಪ್ಪು ಅಕ್ಷರಗಳನ್ನು ಮಾತ್ರ ಓದಿಸಿದ್ದರು. "ಕಣ್ಣಿನ ದೋಷ ಅಂತ ನನಗೂ ಗೊತ್ತಿದ್ದಿಲ್ಲ," ಎಂದರು. "ನೀ ನಿಂದ ಕಣ್ಣಿಲೆ ನೋಡ್ತಿ, ನಾ ನಂದ. ಇನ್ನೊಬ್ಬರದು ಹೆಂಗ ಕಾಣ್ತದ ಯಾರಿಗೆ ಗೊತ್ತು?"

ಮರುದಿನ ಸೀತಾಬರ್ಡಿಯ ಅಂಗಡಿಯಿಂದ ಒಂದು ಪೊಟ್ಟಣ ತಂದರು. ತುಂಬ ಉಣ್ಣೆಯ ಎಳೆಗಳು.

"ನನಗ ಕಲಸು," ಎಂದರು.

ನಾನು ಕಲಿಸಿದೆ. ಮಕ್ಕಳೇ, ಇದನ್ನು ಬಚ್ಚಿಡುವುದಿಲ್ಲ. ದಿನಾ ಮುಂಜಾನೆ ಅಂಗಳದ ಬಿಸಿಲಿನಲ್ಲಿ ಎಳೆಗಳನ್ನು ಚಾಪೆಯ ಮೇಲೆ ಹರಡಿ ಕೂರುತ್ತಿದ್ದೆವು. ಅವರು ಬಣ್ಣದಿಂದ ಅಲ್ಲ, ಬೇರೆ ಏನೇನೋ ಗುರುತಿನಿಂದ ಕಲಿತರು. ಇದು ಸ್ವಲ್ಪ ಕಪ್ಪಗೆ, ಇದು ಸ್ವಲ್ಪ ತೆಳ್ಳಗೆ. ಕೆಂಪು ದೀಪ ಮಂಕಾಗಿರುತ್ತದೆ, ಹಸಿರು ದೀಪ ಬೆಳ್ಳಗೆ ಕಾಣುತ್ತದೆ. ಎರಡು ವಾರದಲ್ಲಿ ಹತ್ತರಲ್ಲಿ ಒಂಬತ್ತು ಸರಿಯಾಗತೊಡಗಿತು. ನಾನು "ಬರೋಬರ್" ಎಂದಾಗಲೆಲ್ಲ ಅವರ ಮುಖ ಅರಳುತ್ತಿತ್ತು. ಉಳಿದ ಆ ಒಂದನ್ನು ನಾವಿಬ್ಬರೂ ಬೇಗ ಬೇಗ ಚಾಪೆಯ ಕೆಳಗೆ ತಳ್ಳುತ್ತಿದ್ದೆವು.

ಪರೀಕ್ಷೆಗೆ ಎರಡು ದಿನವಿರುವಾಗ ವಹಿನಿ ಹಪ್ಪಳ ಒಣಹಾಕಲು ನಮ್ಮ ಅಂಗಳಕ್ಕೆ ಬಂದರು. ಅವರ ಬಸುರಿ ಮಗಳಿಗೆ ಆಗ ಏಳು ತಿಂಗಳು ತುಂಬಿತ್ತು, ಚೊಚ್ಚಲು ಬಾಣಂತನಕ್ಕೆ ಸೊಲ್ಲಾಪುರದ ಅಜ್ಜಿಯ ಮನೆಗೆ ಕಳಿಸುವವರಿದ್ದರು.

"ನಾವೇನು ಯಾವ ಗಾಡಿಗೂ ಹೋಗಂಗಿಲ್ಲ," ಎಂದರು ವಹಿನಿ. "ನಿನ್ನ ಗಂಡಂದು ಪಹಿಲಾ ಗಾಡಿ ಹೊಂಟ ದಿವಸಾನ ಹೋಗತೀವಿ. ಹೇಳಿಡು ಅವರಿಗೆ, ನಮ್ಮ ಡಬ್ಬಿ ನೋಡಿ ಝೇಂಡಾ ಚಲೋ ಬೀಸಬೇಕು ಅಂತ. ಎರಡು ಜೀವದ ಪೋರಿ ಕುಂತಿರ್ತದ, ಧಕ್ಕಾ ಕೊಡಬಾರದು!"

ಅವರ ಮಗಳು ಹೊಸ್ತಿಲಲ್ಲಿ ಕೂತು ಹಪ್ಪಳದ ಹಿಟ್ಟು ಕದ್ದು ತಿನ್ನುತ್ತ ನಕ್ಕಳು. "ಅವ್ವಾ, ಗಾರ್ಡು ಧಕ್ಕಾ ಕೊಡಂಗಿಲ್ಲ, ಡ್ರೈವರ ಕೊಡೂದು. ನಮ್ಮಪ್ಪಗ ಕೇಳು."

"ನಿಮ್ಮಪ್ಪ ಮನ್ಯಾಗ ಕೊಡ್ತಾನಲ್ಲ, ಅದ ಸಾಕು ನನಗ," ಎಂದರು ವಹಿನಿ.

ನಾನೂ ನಕ್ಕೆ. ನಗುತ್ತಿರುವಾಗಲೇ ಕೈಯೊಳಗಿನ ಹಪ್ಪಳ ಮಡಿಚಿಕೊಂಡು ಹೋಯಿತು.

ಸಂಜೆ ನಿಮ್ಮ ಅಜ್ಜ ಬಂದು ಚಾಪೆ ಹಾಸಿದರು. ಎಳೆಗಳನ್ನು ಸುರಿದರು. ನಾನು ಕೂರಲಿಲ್ಲ.

"ಯಾಕ?"

ಗೋಡೆಯ ಕಡೆ ತಿರುಗಿಯೇ ಹೇಳಿದೆ. "ಇಲ್ಲಿ ನಾ ಕೂತಿರತೇನಿ, ತಪ್ಪಿದ್ರ ತಪ್ಪು ಅಂತೇನಿ. ಅಲ್ಲಿ ಯಾರು ಅಂತಾರ್ರಿ? ಹೊಗಿ ಮಂಜು ಕೂಡಿರ್ತದ, ದೂರದಾಗ ದೀಪ ಒಂದ ಕಾಣ್ತದ. ಅದು ಒಂಬತ್ತರಾಗಿಂದೋ, ಉಳಿದ ಒಂದೋ?"

ಮದುವೆಯಾಗಿ ಎರಡು ವರ್ಷಕ್ಕೆ ನಾನು ಅವರ ಮುಂದೆ ಆಡಿದ ಅತಿ ಉದ್ದದ ಮಾತು ಅದು. ಅವರು ಸಿಟ್ಟಾಗುತ್ತಾರೆ ಎಂದುಕೊಂಡೆ. ಸಿಟ್ಟಾಗಲಿಲ್ಲ. ಎಳೆಗಳನ್ನು ಒಂದೊಂದಾಗಿ ಆಯ್ದು ಪೊಟ್ಟಣಕ್ಕೆ ತುಂಬಿದರು. ಅವರಿಗೆ ತೋಚಿದ ಹಾಗೆ ಬೇರೆ ಬೇರೆ ಮಾಡಿ, ಕೆಂಪು ಒಂದು ಕಡೆ, ಹಸಿರು ಒಂದು ಕಡೆ. ಎಲ್ಲ ಸರಿಯಾಗಿತ್ತು. ನಾನು ಅದನ್ನು ಹೇಳಲಿಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಬೇಗ ಹೊರಟು ಹೋದರು. ಏನು ಮಾಡುತ್ತಾರೆಂದು ನನಗೆ ತಿಳಿಯದು. ಒಲೆಯ ಮುಂದೆ ಕೂತಿದ್ದೆ, ಅನ್ನ ಸೀದುಹೋಯಿತು. ಮಧ್ಯಾಹ್ನ ಬಂದರು. ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತರು.

"ಉಣ್ಣಿ ಮುಂದ ಸುರವಿದ್ರು," ಎಂದರು. "ಕೆಂಪು ಆರಸು ಅಂದ್ರು. ಕೈ ಮುಂದ ಹೋತು. ಆರಸತಿದ್ದೆ, ಖರೇನ ಆರಸತಿದ್ದೆ. ಆಮ್ಯಾಲೆ ಕೈ ಹಿಂದ ಕಟಿಗೊಂಡೆ. ಸಾಹೇಬರ, ನಾ ಇದನ್ನ ಬಾಯಿಪಾಠ ಮಾಡಿ ಬಂದೇನಿ, ನನಗ ಕಾಣಂಗಿಲ್ಲ ಅಂದೆ."

"ಡಾಕ್ಟರು ಏನಂದ್ರು?"

"ಕುಂದರ್ಸಿ ನೀರು ಕೊಟ್ರು. ಬಾಯಿಪಾಠ ಮಾಡಿದವರು ಭಾಳ ಮಂದಿ ಬರ್ತಾರ, ಹೇಳಿದಾವ ನೀನ ಮೊದಲ್ನೇದವ ಅಂದ್ರು." ಒದ್ದೆ ಕೈ ಒರೆಸಿಕೊಳ್ಳುತ್ತ, "ಪಟ್ಟಿಯಾಗಿನ ಹೆಸರು ಹೊಡದ್ರು," ಎಂದರು.

ಅವರ ದನಿ ಅಲ್ಲಿ ಒಡೆಯಿತು. ಗಂಡಸರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಪಕ್ಕಕ್ಕೆ ಹೋಗಿ ಕೂತೆ, ಅಷ್ಟೆ. ರಸ್ತೆಯಲ್ಲಿ ಹೋಗುವವರು ನೋಡುತ್ತಾರೆಂಬ ನಾಚಿಕೆಯೂ ಆಗಲಿಲ್ಲ.

ಅವರು ಗಾರ್ಡ್ ಆಗಲೇ ಇಲ್ಲ. ಪೆನ್ಷನ್ ತಗೊಳ್ಳುವವರೆಗೂ ಯಾರ್ಡಿನ ಆಫೀಸಿನಲ್ಲೇ ಇದ್ದರು. ಜೊತೆಯವರು ಒಂದು ತಿಂಗಳು ಛೇಡಿಸಿದರು. "ಕಾಯಿಪಲ್ಲೆ ತರಾಕ ಹೊಂಟೀರೇನು? ಮನಿಯವರನ್ನ ಕರಕೊಂಡು ಹೋಗ್ರಿ!" ಎನ್ನುವರು. ಅವರು ನಗುವರು. ಕ್ಯಾಮೆರಾವನ್ನು ಮಾತ್ರ ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದರು.

ಚೈತ್ರ ಮುಗಿಯುತ್ತ ಬಂದ ಒಂದು ರಜೆಯ ದಿನ, ಬಿಸಿಲು ಇಳಿದ ಮೇಲೆ, "ನಡಿ" ಎಂದರು. ಕ್ಯಾಮೆರಾ ತಗೊಳ್ಳಲಿಲ್ಲ. ಗುಡ್ಡದ ಹಿಂಬದಿಗೆ ಹೋಗಿ ಆ ಮರದ ಕೆಳಗೆ ಕೂತೆವು. ಕೆಳಗಿನ ಕೊಂಬೆಗಳು ಹಸಿರಿಗೆ ತಿರುಗಿದ್ದವು. ಮೇಲೆ ಇನ್ನೂ ಕೆಂಪು ಇತ್ತು, ಮೊದಲಿನಷ್ಟು ಅಲ್ಲ.

"ಹೇಳು ಈಗ," ಎಂದರು. "ಹೆಂಗದ?"

"ಕೆಂಪದರಿ."

"ಕೆಂಪು ಅಂದ್ರ ನನಗೇನು ತಿಳೀತದ? ಅದು ಹೆಂಗ ಇರತದ, ಹೇಳು."

ನಾನು ಯೋಚಿಸಿದೆ. ಕುಂಕುಮ ಎನ್ನುವಂತಿಲ್ಲ, ಮೆಣಸಿನಕಾಯಿ ಎನ್ನುವಂತಿಲ್ಲ. ಅವರಿಗೆ ಅವೂ ಕಾಣವು. ಕಣ್ಣು ಮುಚ್ಚಿಕೊಂಡೆ. ಎಲೆಯೊಂದನ್ನು ಹಿಡಿದು ಬೆರಳಿನಲ್ಲಿ ತಿಕ್ಕಿದೆ. ಅದು ಬಹಳ ಮೆತ್ತಗಿತ್ತು, ಬೆಚ್ಚಗೂ ಇತ್ತು.

"ಮೂರು ದಿನದ ಕೂಸಿನ ಅಂಗಾಲು ಮುಟ್ಟೀರೇನ್ರಿ?"

"ನನ್ನ ತಂಗೀದು ಮುಟ್ಟೇನಿ. ಸಣ್ಣಾಂವ ಇದ್ದಾಗ."

"ಹಂಗ ಅದ. ಅದಕ್ಕ ಕೈ ಹತ್ತಿದ ಕೂಡಲೆ ಏನಾಗ್ತದಲ್ಲ, ಒಳಗ, ಹಂಗ. ಇದು ಉದುರೂ ಎಲಿ ಅಲ್ರಿ, ಈಗ ಹುಟ್ಟಿದ್ದು."

ಅವರೂ ಒಂದು ಎಲೆ ಹಿಡಿದರು. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರುತ್ತ ಕೂತರು.

"ಮ್ಯಾಲಿಂದು?"

"ಮ್ಯಾಲಿಂದು ಅದಕ್ಕಿಂತ ಬಿಸಿ. ಒಲಿ ಆರಿಸಿದ ಮ್ಯಾಲೆ ಹಂಚಿನ ಹತ್ರ ಕೈ ಹಿಡದಂಗ."

"ಕೆಳಗಿಂದು?"

"ಅದು ಹಸಿರಾಗೇತಿ. ಹಸಿರು ಅಂದ್ರ... ಬಾವಿ ಮೆಟ್ಟಲಾ ಇಳದು ಹೋಗುವಾಗ ಮುಖಕ್ಕ ತಂಪು ಬಡೀತದಲ್ರಿ, ಅದು."

ಅವರು ಕೇಳುತ್ತ ಹೋದರು. ತೇಗ ಹೆಂಗಿತ್ತು, ಬಾದಾಮಿ ಹೆಂಗಿತ್ತು, ಆ ಮುತ್ತಲದ ಬಯಲು ಹೆಂಗಿತ್ತು. ಎರಡು ವರ್ಷದ ಚೀಟಿಗಳೆಲ್ಲ ಬರೀ ಹೆಸರುಗಳಾಗಿದ್ದವು. ಈಗ ಒಂದೊಂದನ್ನೂ ಬೇರೆ ಮಾತಿನಲ್ಲಿ ಹೇಳಬೇಕಾಯಿತು. ನಾನು ಹುಡುಕಿ ಹುಡುಕಿ ಹೇಳಿದೆ. ಕೆಲವು ತಪ್ಪಿದವು. "ಅದಲ್ರಿ, ತಡೀರಿ," ಎಂದು ತಿದ್ದಿ ಮತ್ತೆ ಹೇಳಿದೆ. ಬೆಳಕು ಹೋಗುತ್ತ ಬಂತು. ಮರದ ಕೆಂಪು, ಹುಲ್ಲಿನ ಹಳದಿ, ನನ್ನ ಸೀರೆಯ ನೀಲಿ ಎಲ್ಲ ಮೆಲ್ಲಗೆ ಒಂದೇ ಆಗಿ, ಅವರಿಗೆ ಕಾಣುವ ಹಾಗೆಯೇ ನನಗೂ ಕಾಣತೊಡಗಿತು. ಅದೂ ಚಂದವಿತ್ತು. ಅದನ್ನೂ ಅವರಿಗೆ ಹೇಳಿದೆ.

ಗುಡ್ಡ ಇಳಿದ ಮೇಲೆ ಅವರು ಸೈಕಲ್ಲು ಹತ್ತಲಿಲ್ಲ. ಹತ್ತಿದರೆ ಹಿಂದೆ ಕೂತ ನನ್ನ ಮಾತು ಗಾಳಿಗೆ ಹೋಗುತ್ತದೆ ಎಂದರು. ಕೈಯಲ್ಲಿ ತಳ್ಳಿಕೊಂಡೇ ನಡೆದರು, ಸದರಿನ ರಸ್ತೆಯ ಉದ್ದಕ್ಕೂ. ನಾನು ಪಕ್ಕದಲ್ಲಿ ನಡೆಯುತ್ತ ಹೇಳುತ್ತಲೇ ಇದ್ದೆ.